ವೈವಾ ದಿನ ಮಾರ್ಗದರ್ಶಕರಿಗೆ ಉಡುಗೊರೆ ಕೊಡಬೇಕೆ?

ಸಂಶೋಧನಾ ವಿದ್ಯಾರ್ಥಿನಿ (ಪ್ರಶ್ನೆ)

ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದು, ಮುಂದಿನ ತಿಂಗಳು ನನ್ನ ಮೌಖಿಕ ಪರೀಕ್ಷೆ (ವೈವಾ) ನಿಗದಿಯಾಗಿದೆ. ನಮ್ಮಲ್ಲಿ ವೈವಾ ದಿನ ಮಾರ್ಗದರ್ಶಕರಿಗೆ ರೇಷ್ಮೆ ಸೀರೆ ಅಥವಾ ಸೂಟ್ ಬಟ್ಟೆ, ಬಾಹ್ಯ ಪರೀಕ್ಷಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ‘ಕವರ್’, ಮಧ್ಯಾಹ್ನ ಇಡೀ ವಿಭಾಗಕ್ಕೆ ಹೋಳಿಗೆ ಊಟ ಎಂಬ ಪದ್ಧತಿ ಬೆಳೆದುಬಂದಿದೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಹಿಂದಿನವರು ಏನೇನು ಕೊಟ್ಟರೆಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ. ನನಗೆ ಫೆಲೋಶಿಪ್ ಇಲ್ಲ, ಅತಿಥಿ ಉಪನ್ಯಾಸಕಿಯಾಗಿ ಬರುವ ಗೌರವಧನದಲ್ಲಿ ಮನೆಯೂ ನಡೆಯಬೇಕು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯವನ್ನು ಮಾರ್ಗದರ್ಶಕಿ ಮೇಡಂ ನಾಲ್ಕು ಬಾರಿ ಹಸಿರು ಶಾಯಿಯಲ್ಲಿ ತಿದ್ದಿದ್ದಾರೆ. ಒಂದು ಶಾಸನಪಾಠದ ಬಗ್ಗೆ ನನಗೆ ಅನುಮಾನ ಬಂದಾಗ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟವನ್ನು ತಮ್ಮ ಮನೆಯಿಂದಲೇ ಹೊತ್ತು ತಂದು, ಅಕ್ಷರಕ್ಕೆ ಅಕ್ಷರ ಓದಿಸಿದ್ದಾರೆ. ಅವರಿಗೆ ಏನನ್ನಾದರೂ ಕೊಡಬೇಕೆಂಬ ಆಸೆ ನನಗೆ ನಿಜವಾಗಿಯೂ ಇದೆ. ಆ ಆಸೆಯನ್ನೂ ವಿಭಾಗದ ಪದ್ಧತಿಯನ್ನೂ ಬೇರ್ಪಡಿಸುವುದು ಹೇಗೆ?

ನಿವೃತ್ತ ಪ್ರಾಧ್ಯಾಪಕ

ಮೊದಲು ಕಾನೂನಿನ ಮಾತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯು ‘ಸಾರ್ವಜನಿಕ ನೌಕರ’ ಎಂಬ ಪದದ ವ್ಯಾಖ್ಯೆಯಲ್ಲಿ ವಿಶ್ವವಿದ್ಯಾಲಯದ ಕುಲಪತಿ, ಪ್ರಾಧ್ಯಾಪಕ, ಉಪನ್ಯಾಸಕರನ್ನು ಮಾತ್ರವಲ್ಲದೆ, ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯ ಯಾರ ಸೇವೆ ಪಡೆಯುತ್ತದೆಯೋ ಅವರನ್ನೂ ಸೇರಿಸಿದೆ. ಅಂದರೆ ಬೇರೆ ಊರಿನಿಂದ ಬರುವ ನಿಮ್ಮ ಬಾಹ್ಯ ಪರೀಕ್ಷಕರೂ ಅದರೊಳಗೇ ಬರುತ್ತಾರೆ. 2018ರ ತಿದ್ದುಪಡಿಯ ನಂತರ, ಕೆಲಸವನ್ನು ಅನುಚಿತವಾಗಿ ಮಾಡಿಸಿಕೊಳ್ಳುವ ಉದ್ದೇಶದಿಂದ ಕೊಡುವವರೂ ಅಪರಾಧಿಗಳೇ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ದೂರು ಸಲ್ಲಿಸಿದರೆ ಅವರಿಗೆ ವಿನಾಯಿತಿ ಇದೆ. ಹಣ್ಣಿನ ಬುಟ್ಟಿಗೆ ಯಾರೂ ಮೊಕದ್ದಮೆ ಹೂಡುವುದಿಲ್ಲ, ನಿಜ. ಆದರೆ ‘ಕವರ್’ ವಿಷಯದಲ್ಲಿ ಚರ್ಚೆಯೇ ಬೇಡ: ಕೊಡಬೇಡಿ.

ಮಾರ್ಗದರ್ಶಕರ ವಿಷಯ ಇಷ್ಟು ಸರಳವಲ್ಲ. ಅವರು ನಮ್ಮ ಪರವಾಗಿ ಕೂತಿದ್ದಾರೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಮಹಾಪ್ರಬಂಧವನ್ನು ಮೌಲ್ಯಮಾಪನ ಮಾಡುವವರಲ್ಲಿ ಮಾರ್ಗದರ್ಶಕರೂ ಒಬ್ಬರು, ಮೌಖಿಕ ಪರೀಕ್ಷೆಯ ಮಂಡಳಿಯಲ್ಲಿಯೂ ಅವರಿರುತ್ತಾರೆ. ಹಾಗಾಗಿ ಪದವಿಯ ಅಧಿಸೂಚನೆ ಹೊರಡುವವರೆಗೆ ನಿಮ್ಮ ಮೇಡಂ ಗುರುವೂ ಹೌದು, ಪರೀಕ್ಷಕರೂ ಹೌದು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಅನುಕೂಲಸ್ಥ ಮನೆಯ ವಿದ್ಯಾರ್ಥಿಯೊಬ್ಬ ವೈವಾ ಮುಗಿದ ಸಂಜೆ ಮನೆಗೆ ಬಂದು ಬೆಳ್ಳಿಯ ದೀಪ ಕೊಟ್ಟಾಗ, ಬೇಡವೆಂದರೆ ನೊಂದುಕೊಂಡಾನೆಂದು ತೆಗೆದುಕೊಂಡೆ. ಮರುವರ್ಷ ಕೂಲಿ ಮಾಡುವ ತಂದೆ-ತಾಯಿಯ ಮಗನೊಬ್ಬ ಅಂಥದೇ ದೀಪ ತಂದ. ಡಬ್ಬಿಯೊಳಗೆ ಅಂಗಡಿಯ ರಸೀದಿ ಹಾಗೆಯೇ ಉಳಿದಿತ್ತು. ಅರ್ಧ ಹಣ ಮಾತ್ರ ಪಾವತಿಯಾಗಿ, ಉಳಿದದ್ದು ಬಾಕಿ ಎಂದು ಅದರಲ್ಲಿ ಬರೆದಿತ್ತು. ದೀಪವನ್ನು ಅಂಗಡಿಗೆ ವಾಪಸು ಕೊಡಿಸಲು ಅವನನ್ನು ಒಪ್ಪಿಸುವುದರಲ್ಲಿ ಸಾಕುಬೇಕಾಯಿತು. ಒಬ್ಬನು ಪ್ರೀತಿಯಿಂದ ಕೊಟ್ಟದ್ದು ಮುಂದಿನವನ ಪಾಲಿಗೆ ದರಪಟ್ಟಿಯಾಗುತ್ತದೆಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ.

ವೀಣೆಯ ವಿದ್ಯಾರ್ಥಿ

ಪ್ರಾಧ್ಯಾಪಕರ ಮಾತನ್ನು ಒಪ್ಪುತ್ತಲೇ ಒಂದು ತಕರಾರು ಎತ್ತುತ್ತೇನೆ. ಗುರುಪೂರ್ಣಿಮೆಯಂದು ನಾವು ಗುರುಗಳ ಮನೆಗೆ ಹೋಗಿ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಮೇಲೊಂದು ಪಂಚೆ ಇಟ್ಟು ನಮಸ್ಕರಿಸುತ್ತೇವೆ. ಅದನ್ನು ಬೇಡವೆನ್ನುವ ಗುರು ನನಗೆ ಕಂಡಿಲ್ಲ, ಬೇಡವೆಂದರೆ ನಮಗೆ ಅವಮಾನವೇ ಆದೀತು. ಎಲ್ಲ ಕೊಡುಗೆಯನ್ನೂ ಲಂಚದ ತಕ್ಕಡಿಯಲ್ಲಿ ತೂಗಿದರೆ ಗುರುಶಿಷ್ಯ ಸಂಬಂಧದಲ್ಲಿ ಉಳಿಯುವುದು ಹಾಜರಿ ಪುಸ್ತಕ ಮಾತ್ರ.

ನಿವೃತ್ತ ಪ್ರಾಧ್ಯಾಪಕ

ನಿಮ್ಮ ಗುರುಗಳು ನಿಮಗೆ ಅಂಕ ಹಾಕುವುದಿಲ್ಲ, ಪದವಿ ಕೊಡುವುದಿಲ್ಲ. ಮನಸ್ಸಿಗೆ ಒಗ್ಗದಿದ್ದರೆ ನೀವು ನಾಳೆಯೇ ಬೇರೆ ಗುರುವನ್ನು ಹುಡುಕಿಕೊಳ್ಳಬಹುದು. ಐದು ವರ್ಷ ಒಬ್ಬರ ಸಹಿಗೆ ಕಾದು ಕೂತವರಿಗೆ ಆ ಸ್ವಾತಂತ್ರ್ಯವಿಲ್ಲ. ಅದೇ ಗುರುಗಳು ಸಂಗೀತ ಪರೀಕ್ಷೆಗೆ ಪರೀಕ್ಷಕರಾಗಿ ಬಂದ ದಿನ, ನಿಮ್ಮ ತಟ್ಟೆ ಮನೆಯಲ್ಲೇ ಇರುವುದು ಒಳ್ಳೆಯದು.

ಪ್ರೌಢಶಾಲಾ ಶಿಕ್ಷಕಿ

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಶಾಲೆಯಲ್ಲಿಯೂ ಇದೇ ಕಥೆ: ತರಗತಿಯ ಲೀಡರ್ ತಲೆಗೆ ಇಷ್ಟೆಂದು ವಸೂಲಿ ಮಾಡುತ್ತಾನೆ, ಕೊಡಲಾಗದ ಮಕ್ಕಳು ಅಂದು ಶಾಲೆಗೇ ಬರುವುದಿಲ್ಲ. ಯಾರ ಹುಟ್ಟುಹಬ್ಬವನ್ನು ನಾವು ಶಿಕ್ಷಕರ ದಿನವೆಂದು ಆಚರಿಸುತ್ತೇವೆಯೋ ಆ ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಗಾಡಿಗೆ ಹೂವು ಕಟ್ಟಿ, ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರೆಂದು ಹೇಳುತ್ತಾರೆ. ಹೊರಟುನಿಂತ ಮೇಷ್ಟರಿಂದ ಆ ಹುಡುಗರಿಗೆ ಆಗಬೇಕಾದ ಕೆಲಸವೇನೂ ಇರಲಿಲ್ಲ ಎಂಬುದನ್ನು ಗಮನಿಸಿ. ತಂಗೀ, ಅಧಿಸೂಚನೆ ಬಂದ ಮೇಲೆ ನಿಮ್ಮ ಮಹಾಪ್ರಬಂಧದ ಒಂದು ಪ್ರತಿಯನ್ನೂ ಒಂದು ಕೈಬರಹದ ಪತ್ರವನ್ನೂ ತೆಗೆದುಕೊಂಡು ಮೇಡಂ ಮನೆಗೆ ಹೋಗಿ. ಪತ್ರದಲ್ಲಿ ಹಸಿರು ಶಾಯಿಯ ವಿಷಯವನ್ನು ಬರೆಯಿರಿ. ಬರಿಗೈಯಲ್ಲಿ ಹೋಗಲು ಮನಸ್ಸಾಗದಿದ್ದರೆ ಒಂದು ಮೊಳ ಮಲ್ಲಿಗೆ ಸಾಕು.

ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಧೈರ್ಯ ಮಾಡಿ, ವೈವಾ ದಿನದ ಊಟದ ಏರ್ಪಾಡು ಹೇಗಿರಬೇಕೆಂದು ಮೇಡಂ ಅವರನ್ನೇ ಕೇಳಿದೆ. “ಎಲ್ಲರಿಗೂ ಚಹಾ, ಬಿಸ್ಕತ್ತು ತರಿಸು. ಬಾಹ್ಯ ಪರೀಕ್ಷಕರ ಊಟ ನನ್ನ ಮನೆಯಲ್ಲಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೀರೆ ತಂದರೆ ವೈವಾವನ್ನೇ ಮುಂದಕ್ಕೆ ಹಾಕಿಸುತ್ತೇನೆ, ಜೋಕೆ” ಎಂದೂ ಸೇರಿಸಿದರು. ಅದು ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ. ಸೀರೆಯಂಗಡಿಯಲ್ಲಿ ತೆಗೆದಿರಿಸಲು ಹೇಳಿದ್ದನ್ನು ಇವತ್ತು ಬೆಳಿಗ್ಗೆ ಬೇಡವೆಂದು ತಿಳಿಸಿಬಂದೆ.