ಸಹಾಯ ಬೇಕು: ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಪಾಸಾತು ಅಂತ ಕ್ಲೈಂಟ್‌ಗೆ ಯಾವಾಗ ಹೇಳೋದು?

ನಮಸ್ಕಾರ್ರೀ. ಗಂಗಾವತಿಯಾಗ ಸಣ್ಣ ಟ್ಯಾಕ್ಸ್ ಆಫೀಸು ನಂದು. ಅಕ್ಕಿ ಗಿರಣಿ ಗುಮಾಸ್ತರು, ಕಮಿಷನ್ ಏಜೆಂಟರು, ಮಾಸ್ತರು, ಇವರೇ ಕ್ಲೈಂಟ್‌ಗಳು.

ರಿಟರ್ನ್ ಇ-ವೆರಿಫೈ (ಆನ್‌ಲೈನ್‌ನಾಗ ಖಾತ್ರಿ) ಆದ ಕೂಡ್ಲೇ 'ಆತ್ರೀ' ಅಂತ ಮೆಸೇಜ್ ಹಾಕಿದ್ರ, ಮರುದಿನನ 'ರೀಫಂಡ್ ಎಲ್ಲಿ?' ಅಂತ ಫೋನು. 143(1) ಇಂಟಿಮೇಷನ್, ಅಂದ್ರ ರಿಟರ್ನ್ ಪ್ರೊಸೆಸ್ ಆತು ಅಂತ ಇಲಾಖೆ ಕಳಿಸೋ ಪತ್ರ, ಬರೋತನಕ ಸುಮ್ನಿದ್ರ, 'ಫೈಲ್ ಮಾಡೀರೋ ಇಲ್ಲೋ' ಅಂತ ಅನುಮಾನ. ಇಂಟಿಮೇಷನ್ ಮೇಲ್‌ಗೆ ಬರ್ತದ, ಖರೆ. ಮೇಲ್ ನೋಡೋರು ಯಾರ್ರೀ? ನೋಡಿದ್ರೂ ಆ ಫೈಲ್ ತೆಗೆಯೋ ಪಾಸ್‌ವರ್ಡ್‌ಗೆ ಪ್ಯಾನ್ ನಂಬರ್ ಸಣ್ಣಕ್ಷರದಾಗ, ಮುಂದ ಹುಟ್ಟಿದ ತಾರೀಖು. ಅಲ್ಲೇ ಸೋತು ಬಿಡ್ತಾರ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ ನೋಡಿದೆ. ನಮ್ಮ ನಂಬರ್ ಸೇವ್ ಮಾಡ್ಕೊಳ್ಳದವರಿಗೆ ಅದು ಹೋಗೋದೇ ಇಲ್ಲ.

ವೆರಿಫೈ ಆದಾಗೊಂದು, ಪ್ರೊಸೆಸ್ ಆದಾಗೊಂದು ಅಂತ ಎರಡು ಮೆಸೇಜ್ ಕಳಿಸ್ಬೇಕೋ, ಕೊನೀಗೆ ಒಂದೇ ಸಾಕೋ? ಪ್ರಾಕ್ಟೀಸ್ ಮಾಡೋರು ನೀವು ಕಳಿಸೋ ಮೆಸೇಜ್ ಹೆಂಗಿರ್ತದ, ಇಲ್ಲಿ ಹಾಕ್ತೀರಾ?