ಅಪ್‌ಡೇಟ್: ಅಣ್ಣನ ಕುಡಿತ ಬಿಡಿಸುವುದು ಹೇಗೆ ಅಂತ ಕೇಳಿದ್ದೆ

ಬೆಳಿಗ್ಗೆ ಅಣ್ಣನ ಕೈ ನಡುಗುತ್ತದೆ, ಕ್ವಾರ್ಟರ್ ಹೊಟ್ಟೆಗೆ ಬಿದ್ದ ಮೇಲೆಯೇ ನಿಲ್ಲುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಸದ್ಯಕ್ಕೆ ಅವನು ಕುಡಿಯುತ್ತಿಲ್ಲ.

ಕೆಲಸಕ್ಕೆ ಬಂದದ್ದು, ಚಟ ಬಿಡಿಸಲು ನೆರವಾಗುವ 14446 ಸಹಾಯವಾಣಿಗೆ ಫೋನ್ ಮಾಡಿ ಅಂದವರ ಮಾತು. ಸಹಾಯವಾಣಿಯವರು, ಮನೆಯಲ್ಲಿ ಕೂಡಿಹಾಕಬೇಡಿ, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಎಂದರು. ನಿಮ್ಹಾನ್ಸ್‌ನಲ್ಲಿ ಅಡ್ಮಿಟ್ ಮಾಡಿಕೊಂಡರು. ನನಗೆ ಗೊತ್ತೇ ಇರದ ವಿಷಯ ಒಂದಿದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ಬಿಟ್ಟರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಜೀವಕ್ಕೂ ಅಪಾಯ. ಅದಕ್ಕೇ ಮಾತ್ರೆ ಕೊಟ್ಟು, ನಿಧಾನವಾಗಿ ಡೋಸ್ ಇಳಿಸುತ್ತಾ ಬಂದರು. ಜೊತೆಗೆ ವಿಟಮಿನ್ ಬಿ1 ಇಂಜೆಕ್ಷನ್.

ದೇವರ ಮುಂದೆ ಆಣೆ ಮಾಡಿಸಿದ್ದು ಸಂಜೆಯವರೆಗೂ ಉಳಿಯಲಿಲ್ಲ. ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಕುಡಿತ ಬಿಡಿಸುವ ಪುಡಿ ಬೆರೆಸಿ ಅಂತಲೂ ಯಾರೋ ಹೇಳಿದ್ದರು. ದಯವಿಟ್ಟು ಅದನ್ನು ಮಾಡಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಔಷಧಿ) ಇದ್ದು, ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು.

ಈಗ ಅಣ್ಣ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗಿಗೆ ಹೋಗುತ್ತಾನೆ, ಗೊಣಗುತ್ತಲೇ. ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪು ಇದೆ, ಅತ್ತಿಗೆ ಅಲ್ಲಿಗೆ ಹೋಗುತ್ತಿದ್ದಾರೆ. ಅಣ್ಣನಿಗಿಂತ ಅವರಿಗೇ ಅದು ಜಾಸ್ತಿ ಬೇಕಿತ್ತು ಅನಿಸುತ್ತದೆ.