ರಬ್ಬರ್ ಪಟ್ಟಿ ಗಟ್ಟಿಯೂ ಇರಬೇಕು, ಚೆನ್ನಾಗಿ ಹಿಗ್ಗಲೂ ಬೇಕು: ಏನು ಮಾಡೋದು?

ಉದ್ಯಮಬಾಗ್_ಪ್ರೆಸ್ (ಬೆಳಗಾವಿ):
ಲಾರಿಗಳ ತಾಡಪತ್ರಿ ಬಿಗಿಯುವ ಕಪ್ಪು ರಬ್ಬರ್ ಪಟ್ಟಿ ಮಾಡುತ್ತೇವೆ. ಎಲ್ಲಾ ನ್ಯಾಚುರಲ್ ರಬ್ಬರೇ, ಕೇರಳದ ಶೀಟು. ತೂಕದಲ್ಲಿ 100 ಭಾಗ ರಬ್ಬರಿಗೆ ಎನ್330 ಕಾರ್ಬನ್ (ರಬ್ಬರಿಗೆ ಬಲ ಕೊಡುವ ಕಪ್ಪು ಪುಡಿಯ ಒಂದು ದರ್ಜೆ) 50, ಗಂಧಕ 3. ಕೊಕ್ಕೆ ಹಾಕುವ ತೂತಿನಿಂದಲೇ ಸೀಳು ಶುರುವಾಗುತ್ತದೆ. ಕಾರ್ಬನ್ 65ಕ್ಕೆ ಏರಿಸಿದರೆ ಪಟ್ಟಿ ಬಿರುಸಾಗುತ್ತದೆ, ಎಳೆದರೆ ಹಿಗ್ಗುವುದೇ ಇಲ್ಲ. ಯಾರಾದರೂ ದಾರಿ ಹೇಳಿ.

ಕಂಪೌಂಡರ್_ಮಚ್ಛೆ:
ಸರ್, ಕಾರ್ಬನ್ ಏರಿಸಬೇಡಿ, ಇಳಿಸಿ. 40ರ ಆಸುಪಾಸು ಸಾಕು. ನ್ಯಾಚುರಲ್ ರಬ್ಬರ್ ಜೋರಾಗಿ ಎಳೆದಾಗ ಅದರ ಉದ್ದನೆಯ ಅಣು ಸರಪಳಿಗಳು ಸಾಲಾಗಿ ನಿಂತು ಹರಳುಗಟ್ಟುತ್ತವೆ, ಸೀಳಿನ ತುದಿಯಲ್ಲಂತೂ ಇನ್ನೂ ಜಾಸ್ತಿ, ಹಾಗಾಗಿ ಸೀಳು ಸುಲಭವಾಗಿ ಮುಂದೆ ಹೋಗಲ್ಲ. ಕಾರ್ಬನ್ ಅತಿಯಾದರೆ ಹಿಗ್ಗಬೇಕಾದ ರಬ್ಬರೇ ಕಡಿಮೆ ಉಳಿಯುತ್ತದೆ. ಗಂಧಕವೂ ನಿಮ್ಮಲ್ಲಿ ಜಾಸ್ತಿ ಆಯ್ತು. ಸರಪಳಿಗಳ ನಡುವೆ ಗಂಧಕ ಹಾಕುವ ಗಂಟು ಹೆಚ್ಚಾದಷ್ಟೂ ಒಂದು ಗಂಟಿನಿಂದ ಇನ್ನೊಂದಕ್ಕೆ ಇರುವ ಉದ್ದ ಕಡಿಮೆ, ಹಿಗ್ಗೋದಕ್ಕೆ ಜಾಗ ಎಲ್ಲಿ? ಗಂಧಕ 1.5ಕ್ಕೆ ತಂದು ಆಕ್ಸಿಲರೇಟರ್ (ಗಂಧಕದ ಕೆಲಸ ಬೇಗ ಮಾಡಿಸುವ ರಾಸಾಯನಿಕ) ಸ್ವಲ್ಪ ಏರಿಸಿ ಒಂದು ಸಣ್ಣ ಬ್ಯಾಚ್ ಹಾಕಿ ನೋಡಿ.

ಮಿಲ್_ಮೇಸ್ತ್ರಿ:
ಲೆಕ್ಕ ಬದಲಿಸುವ ಮೊದಲು ಮಿಕ್ಸಿಂಗ್ ನೋಡಿ ಅಣ್ಣಾ. ಪಟ್ಟಿಯನ್ನು ಹೊಸ ಬ್ಲೇಡಿನಿಂದ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನುಣುಪಾಗಿ ಹೊಳೆಯಬೇಕು. ಸಣ್ಣ ಸಣ್ಣ ಗುಬುಟು ಕಂಡರೆ ಅದು ಸರಿಯಾಗಿ ಹರಡದ ಕಾರ್ಬನ್, ಸೀಳು ಹುಟ್ಟೋದೇ ಅಲ್ಲಿ. ಕಾರ್ಬನ್ ಜೊತೆಗೇ ಎಣ್ಣೆ ಸುರಿದರೆ ಮಿಲ್ಲಿನಲ್ಲಿ (ರಬ್ಬರ್ ಕಲಸುವ ಎರಡು ರೋಲರುಗಳ ಯಂತ್ರ) ರಬ್ಬರ್ ಜಾರುತ್ತದೆ, ಗುಬುಟು ಒಡೆಯಲ್ಲ. ಕಾರ್ಬನ್ ಮೊದಲು, ಸ್ವಲ್ಪ ಸ್ವಲ್ಪವಾಗಿ, ಎಣ್ಣೆ ಆಮೇಲೆ. ಗಂಧಕ ಕೊನೆಗೆ, ಮಾಲು ತಣ್ಣಗಾದ ಮೇಲೆ. ಹಾಗಂತ ರಬ್ಬರನ್ನು ಸುಮ್ನೆ ಗಂಟೆಗಟ್ಟಲೆ ಮಿಲ್ಲಿನಲ್ಲಿ ತಿರುಗಿಸಲೂಬೇಡಿ, ಸರಪಳಿಗಳೇ ತುಂಡಾಗಿ ಬಲ ಹೋಗುತ್ತದೆ.

ಉದ್ಯಮಬಾಗ್_ಪ್ರೆಸ್:
ಕೊಯ್ದು ನೋಡಿದೆ, ಗುಬುಟು ಇವೆ. ಪಟ್ಟಿ ಬೇಯಿಸುವ ಪ್ರೆಸ್ 170 ಡಿಗ್ರಿಯಲ್ಲಿ ಓಡಿಸುತ್ತೇವೆ, ಬೇಗ ಆಗಲಿ ಅಂತ. ಸಿಲಿಕಾ (ಬಲ ಕೊಡುವ ಬಿಳಿ ಪುಡಿ) ಹಾಕಿದರೆ ಹೇಗೆ?

ಕಂಪೌಂಡರ್_ಮಚ್ಛೆ:
170 ಬೇಡ ಸರ್. ಆ ಶಾಖದಲ್ಲಿ ಸ್ವಲ್ಪ ಹೊತ್ತು ಜಾಸ್ತಿಯಾದರೂ ಗಂಧಕದ ಗಂಟುಗಳು ಬಿಚ್ಚಿಕೊಳ್ಳುತ್ತವೆ, ಬಲ ಇಳಿಯುತ್ತದೆ. 145-150ರಲ್ಲಿ ನಿಧಾನಕ್ಕೆ ಬೇಯಿಸಿ. ಸಿಲಿಕಾ ಒಳ್ಳೆಯದೇ. ಕಾರ್ಬನ್‌ನಲ್ಲಿ 10 ಭಾಗ ತೆಗೆದು ಅಷ್ಟೇ ಸಿಲಿಕಾ ಹಾಕಿದರೆ ಸೀಳು ತಡೆಯುವ ಶಕ್ತಿ ಹೆಚ್ಚುತ್ತದೆ, ಆದರೆ ಜೊತೆಗೆ ಸಿಲೇನ್ (ಸಿಲಿಕಾವನ್ನು ರಬ್ಬರಿಗೆ ಬೆಸೆಯುವ ರಾಸಾಯನಿಕ) ಬೇಕು. ಇಲ್ಲದಿದ್ದರೆ ಸಿಲಿಕಾ ಆಕ್ಸಿಲರೇಟರನ್ನು ಹೀರಿಕೊಂಡು ಕ್ಯೂರಿಂಗ್ (ರಬ್ಬರ್ ಬೇಯುವುದು) ನಿಧಾನ ಮಾಡುತ್ತದೆ. ಇನ್ನೊಂದು, ನಿಮ್ಮ ಪಟ್ಟಿ ದಿನವಿಡೀ ಬಿಸಿಲಲ್ಲಿ ಎಳೆದುಕೊಂಡೇ ಇರುತ್ತದೆ ಅಲ್ವಾ? ಗಾಳಿಯ ಓಝೋನ್ ಅಂಥ ರಬ್ಬರಿಗೆ ಅಡ್ಡಡ್ಡ ಬಿರುಕು ಬಿಡಿಸುತ್ತದೆ. ಅದನ್ನು ತಡೆಯುವ 6ಪಿಪಿಡಿ ಎಂಬ ರಾಸಾಯನಿಕ ಮತ್ತು ಮೇಣ ಹಾಕುತ್ತಿದ್ದೀರಾ ಇಲ್ಲವಾ, ಅದನ್ನು ನೀವು ಬರೆದೇ ಇಲ್ಲ.